ಮಾವನ ಡಾಕೆಟ್ ನಂಬರು

ತಿಥಿ ಮುಗಿದ ಮರುದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ನೆಂಟರು ಹಿಂದಿನ ಸಂಜೆಯ ಬಸ್ಸುಗಳಲ್ಲಿ ಕೊಣನೂರು, ಹಳೇಕೋಟೆ ಕಡೆಗೆ ಹೊರಟುಹೋಗಿದ್ದರು. ಅತ್ತೆ ನಲ್ಲಿಯಲ್ಲಿ ನೀರು ಹಿಡಿದರು. ನಾನು ಕಾಫಿಗೆ ಹಾಲಿಟ್ಟೆ. ಮಾವ ಹುಚ್ಚಯ್ಯನವರು ಕನ್ನಡಕ ಹಾಕಿಕೊಂಡು, ತೀರಿಹೋದ ಮಗನ ಮೇಜಿನ ಮುಂದೆ ಕುಳಿತು, ಹೊಸ ಲ್ಯಾಪ್‌ಟಾಪನ್ನು ಬಹಳ ಹೊತ್ತು ನೋಡಿ, "ಲೈನು ಡೆಡ್ ಆಗೈತೆ" ಎಂದರು.

ಮಾವ ಹೊಳೆನರಸೀಪುರದಲ್ಲಿ ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತರಾದವರು. ಈ ಲೋಕದಲ್ಲಿ ಏನೇ ಕೆಟ್ಟರೂ ಕಾರಣ ಎರಡೇ ಎಂಬುದು ಅವರ ಸಿದ್ಧಾಂತ: ಜಾಯಿಂಟು ಲೂಸಾಗಿರಬೇಕು, ಇಲ್ಲವೇ ಒಳಗೆ ನೀರು ಹೋಗಿರಬೇಕು. ಅತ್ತೆಯ ಮಂಡಿನೋವಿಗೂ ಅವರು ಇದನ್ನೇ ಹೇಳಿದ್ದರು. ಡಾಕ್ಟರು ಪರೀಕ್ಷೆ ಮಾಡಿ ಮಂಡಿಯೊಳಗೆ ನೀರು ತುಂಬಿದೆ ಎಂದ ಮೇಲೆ ಅವರನ್ನು ಹಿಡಿಯುವವರಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ನನ್ನ ಗಂಡ ಕೀರ್ತಿರಾಜನ ಅಂಗಡಿ. ಮದುವೆ ಕಾರ್ಡು, ಲಾಡ್ಜುಗಳ ಬೋರ್ಡು, ಬ್ಯಾನರು ಇವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಹಾಸನಕ್ಕೆ ಅಚ್ಚಿಗೆ ಕಳಿಸುತ್ತಿದ್ದ. ಆರ್ಡರುಗಳು ಇಮೇಲಿನಲ್ಲಿ ಬರುತ್ತಿದ್ದವು. ಕಾಲೇಜಿನಲ್ಲಿದ್ದಾಗ ಹಾಕಿಸಿಕೊಂಡ ಹಳೆಯ ಮೇಲ್ ಪ್ರೋಗ್ರಾಮನ್ನೇ ಅವನು ಕೊನೆಯವರೆಗೂ ಬಳಸಿದ. ಪಾಸ್‌ವರ್ಡು ಆ ಪ್ರೋಗ್ರಾಮಿಗೆ ಗೊತ್ತಿತ್ತು, ಅವನಿಗೆ ಗೊತ್ತಿತ್ತು. ನಮಗೆ ಕಾಣುತ್ತಿದ್ದದ್ದು ಒಂದು ಸಾಲು ಚುಕ್ಕೆ ಮಾತ್ರ.

ಕೀರ್ತಿ ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಇದರ ಬಗ್ಗೆ ಹೇಳಲು ನನ್ನ ಬಳಿ ಇಷ್ಟೇ ಇದೆ.

ಹಾಲು ತುಪ್ಪದ ದಿನ ಅಡುಗೆಯವರು ಅವನ ಕಂಪ್ಯೂಟರಿನ ಪ್ಲಗ್ಗಿಗೆ ರುಬ್ಬುವ ಗ್ರೈಂಡರ್ ಸಿಕ್ಕಿಸಿದರು. ಉದ್ದಿನಬೇಳೆ ಅರ್ಧ ರುಬ್ಬಿತು, ಕಂಪ್ಯೂಟರ್ ಪೂರ್ತಿ ಸುಟ್ಟಿತು. ಹಾಸನದಲ್ಲಿ ಕೆಲಸದಲ್ಲಿರುವ ನನ್ನ ಮೈದುನ ಪೃಥ್ವಿರಾಜ್ ತಿಥಿಗೆ ಬರುವಾಗ ಹೊಸ ಲ್ಯಾಪ್‌ಟಾಪ್ ತಂದ. ಬಸ್‌ಸ್ಟ್ಯಾಂಡಿನ ಕಂಪ್ಯೂಟರ್ ಅಂಗಡಿಯವನು ಸುಟ್ಟ ಪೆಟ್ಟಿಗೆಯೊಳಗಿಂದ ಎಲ್ಲವನ್ನೂ ಎತ್ತಿ ಹೊಸದಕ್ಕೆ ತುಂಬಿಕೊಟ್ಟ. ಹಳೆಯ ಪ್ರೋಗ್ರಾಮೂ ಬಂತು, ಹಳೆಯ ಮೇಲುಗಳೂ ಬಂದವು. ಹೊಸ ಮೇಲು ಮಾತ್ರ ಬರಲೊಲ್ಲದು. ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಏನೋ ತಿರುಗುತ್ತದೆ. ಆಮೇಲೆ ಒಂದು ಚೌಕ ಎದ್ದು, ಸರ್ವರ್ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಕೆಳಗೊಂದು ನಂಬರು ಕೊಡುತ್ತದೆ.

"ಬಿಂದು, ಬಾರವ್ವ ಇಲ್ಲಿ" ಎಂದು ಮಾವ ಕರೆದರು. "ನಂಬರ್ ಕೊಟ್ಟವ್ರೆ."

"ಯಾರು ಮಾವ?"

"ಯಾರು ಅಂದ್ರೆ? ಇಲಾಖೆಯೋರು. ಕಂಪ್ಲೇಂಟು ತಾನಾಗೇ ಬುಕ್ ಆಗೈತೆ. ಡಾಕೆಟ್ ನಂಬರ್ ಬಂದೈತೆ ನೋಡು."

ಮಾವನ ಕಾಲದಲ್ಲಿ ಫೋನು ಕೆಟ್ಟರೆ ದೂರು ಕೊಟ್ಟವರಿಗೆ ಒಂದು ಡಾಕೆಟ್ ನಂಬರು ಸಿಗುತ್ತಿತ್ತು. ನಂಬರು ಸಿಕ್ಕಿತೆಂದರೆ ಲೈನ್‌ಮನ್ ಬಂದೇ ಬರುತ್ತಾನೆ ಎಂದು ಅರ್ಥ. ಇವತ್ತಲ್ಲದಿದ್ದರೆ ನಾಳೆ, ನಾಳೆಯಲ್ಲದಿದ್ದರೆ ಮಳೆ ನಿಂತ ಮೇಲೆ. ನಿವೃತ್ತಿಯಾಗುವವರೆಗೆ ಮಾವ ಅಂಥ ನಂಬರುಗಳ ಹಿಂದೆಯೇ ಸೈಕಲ್ ತುಳಿದವರು.

ಅವರು ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆದರು. ಬರೆಯುತ್ತ ಓದಿದರು: "ಸೊನ್ನೆ, ಇಂಟು, ಎಂಟು, ಸೊನ್ನೆ ಸೊನ್ನೆ, ಸಿ, ಸಿ, ಸಿ, ಸೊನ್ನೆ, ಇ. ಇಂಟು ಮಾರ್ಕ್ ನೋಡ್ದಾ? ಅರ್ಜೆಂಟ್ ಕೇಸಿಗೆ ನಮ್ಮಲ್ಲೂ ಇಂಟು ಹಾಕ್ತಿದ್ರು."

ಪೃಥ್ವಿ ಹಲ್ಲುಜ್ಜುತ್ತ ಒಳಗೆ ಬಂದ. "ಅಪ್ಪಾ, ಅದು ಎರರ್ ನಂಬರು. ಡಾಕೆಟ್ಟೂ ಅಲ್ಲ, ಗೀಕೆಟ್ಟೂ ಅಲ್ಲ. ಹಳೇ ಪ್ರೋಗ್ರಾಂ ಹೊಸ ಕಂಪ್ಯೂಟರ್‌ಗೆ ಒಗ್ತಿಲ್ಲ. ಬಿಟ್ಟಾಕಿ. ಅತ್ತಿಗೆಗೆ ಹೊಸ ಐಡಿ ಮಾಡ್ಕೊಡ್ತೀನಿ."

"ಕೀರ್ತಿದು?"

"ಅದು ಯಾರೂ ಮುಟ್ಟದೆ ಇದ್ರೆ ಕೊನೆಗೆ ತಾನಾಗೇ ಕ್ಲೋಸ್ ಆಗುತ್ತೆ."

ಮಾವ ಸೀಮೆಸುಣ್ಣ ಕೆಳಗಿಟ್ಟರು.

"ನಾನು ಸರ್ವೀಸಲ್ಲಿದ್ದಾಗ ಕೋಟೆ ಬೀದಿ ಮೇಷ್ಟ್ರು ತೀರ್ಕೊಂಡ್ರು. ನಾನೇ ಕಂಬ ಅತ್ತಿ ಲೈನ್ ಕಟ್ ಮಾಡ್ದೆ. ನಂಬರ್ ಖಾಲಿ ಬಿತ್ತು. ಖಾಲಿ ನಂಬರ ಇಲಾಖೆ ಮಡೀಕತದಾ? ಕೋಳಿ ಅಂಗ್ಡಿಗೆ ಅಲಾಟ್ ಮಾಡ್ತು. ಆ ಮೇಷ್ಟ್ರ ಎಂಡ್ರು ಒಂದಿನ ತಡೀನಾರದೆ ಗಂಡನ ನಂಬರಿಗೆ ಫೋನ್ ಮಾಡ್ಬುಟ್ರು. ಆ ಕಡೆಯೋನು ಎತ್ತಿ, 'ಎಷ್ಟು ಕೇಜಿ? ಚರ್ಮ ಸುಲೀಬೇಕಾ ಅಂಗೇ ಇರ್ಬೇಕಾ?' ಅಂದ."

ಪೃಥ್ವಿಗೆ ನಗು ತಡೆಯಲಾಗಲಿಲ್ಲ. ಟೂತ್‌ಪೇಸ್ಟಿನ ನೊರೆ ಅಂಗಿಯ ಮೇಲೆ ಬಿತ್ತು. ನೀರಿನ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆ ಮಾರಮ್ಮನವರು ನಗಲಿಲ್ಲ.

"ನಗು ಕಣ್ಲಾ, ನಗು" ಎಂದರು ಮಾವ. "ನನ್ ಮಗನ ನಂಬರ್ ಮಾತ್ರ ಯಾವ ಕೋಳಿ ಅಂಗ್ಡಿಗೂ ಓಗಕ್ಕೆ ಬುಡಾಕಿಲ್ಲ. ಲೈನ್‌ಮನ್ ಬತ್ತಾನೆ. ಬಂದು ರೆಡಿ ಮಾಡ್ತಾನೆ."

ಹೀಗೆ ನಮ್ಮ ಮನೆಯಲ್ಲಿ ಲೈನ್‌ಮನ್‌ಗಾಗಿ ಕಾಯುವ ಕಾರ್ಯ ಶಾಸ್ತ್ರೋಕ್ತವಾಗಿ ಆರಂಭವಾಯಿತು. ಮಾವ ದಿನವೂ ಇಸ್ತ್ರಿ ಅಂಗಿ ತೊಟ್ಟು ಜಗಲಿಯ ಮೇಲೆ ಕುಳಿತರು. ಬರುವವನಿಗೆ ಕೂರಲೆಂದು ಎದುರಿಗೊಂದು ಕುರ್ಚಿ ಹಾಕಿಸಿದರು. ಕುರ್ಚಿಯ ಮೇಲೆ ಬೆಕ್ಕು ಮಲಗಿದರೆ ಎಬ್ಬಿಸಿದರು.

ಆ ಕುರ್ಚಿಗೆ ಮೊದಲು ಬಿದ್ದವನು ಕರೆಂಟ್ ಮೀಟರ್ ರೀಡರ್. ಹೆಗಲಿಗೆ ಯಂತ್ರ ನೇತುಹಾಕಿಕೊಂಡು ಗೇಟು ತೆಗೆದ ಮರುಕ್ಷಣವೇ ಮಾವ ಅವನ ಕೈಹಿಡಿದು ಕೂರಿಸಿದರು.

"ತಡವಾಗಿ ಬಂದ್ರೂ ಬಂದ್ಯಲ್ಲಪ್ಪ. ಬಿಂದು, ಕಾಫಿ ತಗಂಬಾ."

"ಯಜಮಾನ್ರೇ, ಮೀಟರ್ ಎಲ್ಲೈತೆ?"

"ಲೈನ್ ಟೆಸ್ಟ್ ಮಾಡೋ ಮೀಟರ್ ಆಮೇಲ್ ಹಾಕುವಂತೆ. ಮೊದ್ಲು ಕಣ್ಣಲ್ಲಿ ನೋಡು. ಕಣ್ಣಲ್ಲಿ ನೋಡ್ದೆ ಮೀಟರ್ ಹಾಕೋನು ಲೈನ್‌ಮನ್ನೇ ಅಲ್ಲ."

ಅವನು ಕಾಫಿ ಕುಡಿಯುತ್ತ ಲ್ಯಾಪ್‌ಟಾಪ್ ನೋಡಿದ. ಮಾವ ಗುಂಡಿ ಒತ್ತಿದರು. ತಿರುಗಿತು. ಚೌಕ ಎದ್ದಿತು. ನಂಬರು ಬಂತು. ಮಾವ ಗೋಡೆಯ ಮೇಲಿನ ನಂಬರಿಗೆ ಬೆರಳು ತೋರಿಸಿ, "ಟ್ಯಾಲಿ ಆಯ್ತದಾ?" ಎಂದರು.

ಆ ಮನುಷ್ಯನಿಗೆ ಇನ್ನೂ ಬೀದಿಯ ಉದ್ದಕ್ಕೂ ಮನೆಗಳಿದ್ದವು. "ಆಯ್ತದೆ" ಎಂದುಬಿಟ್ಟ. ಹಿತ್ತಲಿಗೆ ಹೋಗಿ ಮೀಟರ್ ಓದಿ, ಯಂತ್ರದಿಂದ ಚೀಟಿ ಹರಿದು ಕೊಟ್ಟು ಓಡಿದ. ಮಾವ ಅದನ್ನು ಇನ್‌ಸ್ಪೆಕ್ಷನ್ ರಿಪೋರ್ಟು ಎಂದು ಗೋಡೆಗೆ ಅಂಟಿಸಿದರು. ಸಂಜೆ ಅತ್ತೆ ಅದನ್ನು ಕಿತ್ತು ಕರೆಂಟ್ ಬಿಲ್ ಕಟ್ಟಿಸಿದರು. ಲೈನು ಮಾತ್ರ ಹಾಗೇ ಇತ್ತು.

"ಕೆಳಗಿನ ಮಟ್ಟದಲ್ಲಿ ಆಗೋ ಕೆಲ್ಸ ಅಲ್ಲ ಇದು" ಎಂದು ತೀರ್ಮಾನಿಸಿ ಮಾವ ನನ್ನನ್ನು ಹಾಸನಕ್ಕೆ ಹೊರಡಿಸಿದರು. ನಾನು ಹಾಸನದ ಹೇಮಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿದವಳು. ಅಲ್ಲಿ ಓದಿದವಳಿಗೆ ಹಾಸನದ ಆಫೀಸುಗಳೆಲ್ಲ ಗೊತ್ತಿರಬೇಕು ಎಂಬುದು ಅವರ ಲೆಕ್ಕ. ಬೇಡ ಎನ್ನಲು ಕಾರಣ ಹುಡುಕಬೇಕಿತ್ತು. ಹುಡುಕುವಷ್ಟು ಮನಸ್ಸಿರಲಿಲ್ಲ. ಹೊರಟೆ.

ಟೆಲಿಫೋನ್ ಕಚೇರಿಯಲ್ಲಿ ಚಿಕ್ಕ ವಯಸ್ಸಿನ ಅಧಿಕಾರಿಯೊಬ್ಬರು ಕುಳಿತಿದ್ದರು. ಮಾವ ಸೆಲ್ಯೂಟ್ ಹೊಡೆದು, ಮದುವೆ ಕಾರ್ಡಿನ ಕತ್ತರಿಸಿದ ತುಂಡಿನ ಮೇಲೆ ಬರೆದುಕೊಂಡಿದ್ದ ನಂಬರನ್ನು ಮೇಜಿನ ಮೇಲಿಟ್ಟರು. ಆಕೆ ತುಂಡನ್ನು ತಿರುಗಿಸಿ ನೋಡಿದರು. ಹಿಂದೆ 'ತಮ್ಮ ಆಗಮನವೇ ಉಡುಗೊರೆ' ಎಂದು ಅಚ್ಚಾಗಿತ್ತು.

"ಅಜ್ಜ, ಇದು ನಮ್ಮ ನಂಬರ್ ಅಲ್ಲ."

"ಗೊತ್ತು ಮೇಡಂ. ಸರ್ಕಲ್ ಆಫೀಸಿಂದು ಇರ್ಬೇಕು. ಇಂಟು ಐತೆ."

ಆಕೆ ನನ್ನಿಂದ ಮನೆಯ ವಿವರ ಕೇಳಿಕೊಂಡು ಕಂಪ್ಯೂಟರಿನಲ್ಲಿ ಹುಡುಕಿದರು. "ನಿಮ್ಮ ಮನೆ ಲ್ಯಾಂಡ್‌ಲೈನ್ ಸರೆಂಡರ್ ಆಗಿ ಎಷ್ಟೋ ವರ್ಷ ಆಗಿದೆ. ಈಗ ನೀವು ತಗೊಂಡಿರೋದು ಕೇಬಲ್‌ನವರ ಇಂಟರ್‌ನೆಟ್."

"ಅಂಗಾದ್ರೆ ಕೇಬಲ್‌ನೋರಿಗೆ ವಹಿಸಿದ್ದೀರಿ ಅನ್ನಿ."

"ನಾವು ವಹಿಸಿಲ್ಲ ಅಜ್ಜ. ಇದು ಫೋನ್ ಕಂಪ್ಲೇಂಟೇ ಅಲ್ಲ. ಇದು ಕಂಪ್ಯೂಟರ್ ತೋರಿಸೋ..."

"ಪೆಂಡಿಂಗ್ ಐತೆ ಅಂತ್ಲಾದ್ರೂ ಬರ್ಕೊಡಿ ಮೇಡಂ. ಮಗಂದು ನಂಬರ್. ಮಗ ಇಲ್ಲ."

ಆಕೆ ಮಾವನನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಖಾನೆಯಿಂದ ಮೊಹರು ತೆಗೆದು, ಮದುವೆ ಕಾರ್ಡಿನ ತುಂಡಿನ ಮೇಲೆ 'ಸ್ವೀಕರಿಸಲಾಗಿದೆ' ಎಂದು ಒತ್ತಿ, ಕೆಳಗೆ ಸಹಿ ಹಾಕಿ ಕೊಟ್ಟರು.

ಒಬ್ಬರ ಮೇಲೆ ಮರುಕ ತೋರಿಸಲು ಸರ್ಕಾರಿ ಕಚೇರಿಯಲ್ಲಿ ಇರುವ ಸಾಮಗ್ರಿ ಅಷ್ಟೇ. ಆದರೆ ಆ ಮೊಹರು ಮುಂದೆ ಮಾಡಿದ ಅನಾಹುತವನ್ನು ಆಕೆ ಊಹಿಸಿರಲಾರರು. ಬಸ್ಸಿನಲ್ಲಿ ಮಾವ ಅದನ್ನು ಮತ್ತೆ ಮತ್ತೆ ತೆಗೆದು ನೋಡಿದರು. "ಸೀಲ್ ಬಿತ್ತು ಕಣವ್ವ. ಇನ್ನು ನಾವೇ ಕೆಲ್ಸ ಸ್ಟಾರ್ಟ್ ಮಾಡಿದ್ರೂ ಯಾರೂ ಕೇಳಂಗಿಲ್ಲ" ಎಂದರು.

ಕೆಲಸ ಶುರು ಮಾಡಲು ಚನ್ನರಾಯಪಟ್ಟಣದಿಂದ ದೇವರಾಜ್ ಬಂದರು. ಅವರು ಮಾವನ ಜೊತೆಯಲ್ಲೇ ದುಡಿದು ನಿವೃತ್ತರಾದವರು, ಕೇಬಲ್ ಜಾಯಿಂಟು ಹಾಕುವುದರಲ್ಲಿ ಹೆಸರು ಮಾಡಿದವರು. ಕೈಚೀಲದಲ್ಲಿ ಕಟಿಂಗ್ ಪ್ಲೇಯರು, ಟೇಪು, ಲೈನ್ ಪರೀಕ್ಷೆ ಮಾಡುವ ಹಳೆಯ ಫೋನು, ಎಲ್ಲ ಇದ್ದವು. ಇಬ್ಬರೂ ತಾರಸಿ ಹತ್ತಿದರು. ನಮ್ಮ ಬಚ್ಚಲುಮನೆಯ ಮೇಲಿಂದ ಒಂದು ಸಪೂರ ಕರಿಯ ತಂತಿ ಎದುರುಮನೆ ಕಾಮಾಕ್ಷಮ್ಮನವರ ತಾರಸಿಗೆ ಹೋಗಿತ್ತು. ಮಾವ ಅದನ್ನು ನಾಡಿ ಹಿಡಿಯುವವರಂತೆ ಹಿಡಿದರು.

"ಇದೇ ಕಣ್ಲಾ ದೇವ. ಕಟ್ ಮಾಡಿ ಟೋನ್ ನೋಡವ."

"ಅಣ್ಣಾ, ತಂತಿ ಬಲೇ ಸಣ್ಣಕೈತೆ. ಓಎಫ್‌ಸಿ ಇದ್ದಾತು, ಗಾಜಿನ ಕೇಬಲ್ಲು."

"ಅದು ಊರಿಂದೂರಿಗೆ ನೆಲದೊಳಗೆ ಓಗದು ಕಣ್ಲಾ. ನಮ್ಮನೆ ಬಚ್ಚಲ ಮೇಲೆ ಅದುಕ್ಕೇನ್ ಕೆಲ್ಸ? ಕಟ್ ಮಾಡು, ಸೀಲ್ ಐತೆ."

ದೇವರಾಜ್ ಕತ್ತರಿಸಿದರು. ತುದಿಯ ಸಿಪ್ಪೆ ಸುಲಿದರು. ಒಳಗಿನದನ್ನು ಬಿಸಿಲಿಗೆ ಹಿಡಿದು ಇಬ್ಬರೂ ಬಗ್ಗಿ ನೋಡಿದರು.

"ತಾಮ್ರ ಇಲ್ಲ ಅಣ್ಣ."

"ಇಲ್ಲ."

"ಗಾಜೇ ಐತೆ."

ಮಾವ ಎದ್ದು ನಿಂತರು. ಬೀದಿಯ ಎರಡೂ ಕಡೆ ನೋಡಿದರು. ಲೈನ್‌ಮನ್ ಆಗಿದ್ದ ಕಾಲದ ಅಷ್ಟೂ ಗಂಟಲನ್ನು ಒಟ್ಟುಮಾಡಿ ಕೂಗಿದರು: "ತಾಮ್ರ ಕದ್ದು ಗಾಜು ತುಂಬವ್ರೆ! ಬರ್ರಪ್ಪೋ! ಕಳ್ಳರು ತಾಮ್ರನೆಲ್ಲ ಎಳ್ಕಂಡು ಗಾಜು ತುಂಬವ್ರೆ!"

ಬೀದಿಯವರು ಹೊರಗೆ ಬಂದರು. ಕೂಗು ಕೇಳಿ ಬಂದವರು ಕೆಲವರು, ಟಿವಿ ನಿಂತುಹೋಗಿ ಬಂದವರು ಬಹಳ. ಕಾಮಾಕ್ಷಮ್ಮನವರು ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿದ್ದವರು. ಫೋನನ್ನು ಎದೆಯ ಮುಂದೆ ಹಿಡಿದುಕೊಂಡೇ ಗೇಟು ದಾಟಿದರು.

"ರೀ ಹುಚ್ಚಯ್ಯನೋರೇ! ಏನ್ ಮಾಡಿದ್ರಿ? ನನ್ನ ಮೊಮ್ಮಗು ಆಕಳಿಸೋಕೆ ಬಾಯಿ ತೆರೀತು, ಹಾಗೇ ನಿಂತುಬಿಟ್ಟಿದೆ! ನೋಡಿ!"

ಫೋನಿನ ತೆರೆಯ ಮೇಲೆ ಮಗು ಬಾಯಿ ತೆರೆದು ನಿಂತಿತ್ತು.

"ಮೇಡಮ್ಮೋರೇ, ನಿಮ್ ಲೈನಿಂದೂ ತಾಮ್ರ ಕದ್ದವ್ರೆ."

"ತಾಮ್ರ ಅಲ್ಲ ಕಣ್ರೀ, ಅದು ಫೈಬರ್ರು! ಬೀದಿಗೆಲ್ಲ ಅದೊಂದೇ ಲೈನು! ಇಳೀರಿ ಕೆಳಗೆ!"

"ಹೆಡ್‌ಮಿಸ್ಸಾದ ಮಾತ್ರಕ್ಕೆ ಕೇಬಲ್ ಗೊತ್ತಾಯ್ತದಾ?"

"ಲೈನ್‌ಮನ್ ಆದ ಮಾತ್ರಕ್ಕೆ ಬೀದೀನೇ ಕತ್ತರಿಸ್ತಾರಾ?"

ಮಾವ ಜೇಬಿನಿಂದ ಮದುವೆ ಕಾರ್ಡಿನ ತುಂಡು ತೆಗೆದು ಮೊಹರು ಕಾಣುವಂತೆ ಎತ್ತಿ ಹಿಡಿದರು. ಕೆಳಗೆ ನಿಂತವರಿಗೆ ಕಂಡದ್ದು 'ತಮ್ಮ ಆಗಮನವೇ ಉಡುಗೊರೆ'. ಯಾರೋ ನಕ್ಕರು. ಯಾರೋ, "ಸಾವಾದ ಮನೆ, ಸುಮ್ಕಿರ್ಲಾ" ಎಂದರು. ನಗು ನಿಂತಿತು. ನನಗೆ ನಕ್ಕಿದ್ದೇ ಪರವಾಗಿಲ್ಲ ಅನ್ನಿಸಿತ್ತು.

ಮಧ್ಯಾಹ್ನಕ್ಕೆ ಕೇಬಲ್ಲಿನವನು ಬೈಕಿನಲ್ಲಿ ಬಂದ. ಟೂಲ್ ಪೆಟ್ಟಿಗೆ ಹಿಡಿದು ನಮ್ಮ ಜಗಲಿ ಹತ್ತಿದ. ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದೇವರಾಜರ ಕಡೆ ತಿರುಗಿ ಹೇಳಿದರು: "ನಾನ್ ಯೋಳಿರ್ನಿಲ್ವಾ? ಡಾಕೆಟ್ ನಂಬರ್ ಇದ್ರೆ ಬಂದೇ ಬತ್ತಾರೆ."

ಇದಕ್ಕೆ ಪ್ರತಿವಾದ ಸಾಧ್ಯವಿರಲಿಲ್ಲ. ಮನುಷ್ಯ ಬಂದಿದ್ದ. ತಂತಿ ಕೆಟ್ಟಿತ್ತು. ಅವನು ಅದನ್ನು ಜೋಡಿಸಿದ. ಬೀದಿಗೆ ಟಿವಿ ಬಂತು, ಕಾಮಾಕ್ಷಮ್ಮನವರ ಮೊಮ್ಮಗು ಬಾಯಿ ಮುಚ್ಚಿತು. ಮಾವ ಅವನನ್ನು ಕುರ್ಚಿಯಲ್ಲಿ ಕೂರಿಸಿ ಗುಂಡಿ ಒತ್ತಿದರು. ತಿರುಗಿತು. ಚೌಕ ಎದ್ದಿತು. ಅದೇ ನಂಬರು.

"ನೆಟ್ ಚೆನ್ನಾಗೈತೆ ಸಾ" ಎಂದ ಅವನು. "ನಿಮ್ ಪ್ರೋಗ್ರಾಂ ಓಬಿರಾಯನ ಕಾಲದ್ದು. ಇದು ಇನ್ನು ನಡೆಯಾಕಿಲ್ಲ. ತೆಗೆದಾಕಿ."

ಸಂಜೆ ಸುದ್ದಿ ತಿಳಿದು ಹಾಸನದಿಂದ ಪೃಥ್ವಿ ಬಂದ. ಎದುರುಮನೆಗೆ ಹೋಗಿ ಕೈಮುಗಿದು ಬಂದ. ಬಂದವನೇ, "ಭಾನುವಾರ ನಾನೇ ಕೂತು ಆ ಪ್ರೋಗ್ರಾಂ, ಆ ಮೇಲು, ಅಷ್ಟನ್ನೂ ಡಿಲೀಟ್ ಮಾಡ್ತೀನಿ" ಎಂದ. "ಅಣ್ಣ ಹೋದ. ಅವನ ಐಡಿ ಇಟ್ಕೊಂಡು ಏನ್ ಮಾಡ್ತೀಯಪ್ಪ? ಬೀದೀಲಿ ತಲೆ ಎತ್ತೋಕಾಯ್ತಾ ಇಲ್ಲ."

ಮಾವ ಎದ್ದು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು.

ಮರುದಿನ ಬೆಳಿಗ್ಗೆ ಅವರು ಜಗಲಿಯ ಕುರ್ಚಿಯನ್ನು ತಾವೇ ಒಳಗೆ ತಂದಿಟ್ಟರು. ಬೆಕ್ಕನ್ನು ಎಬ್ಬಿಸಲಿಲ್ಲ, ಅದರ ಸಮೇತ ತಂದರು. ಒದ್ದೆ ಬಟ್ಟೆಯಿಂದ ಗೋಡೆಯ ನಂಬರು ಒರೆಸತೊಡಗಿದರು. ಅರ್ಧ ಒರೆಸಿ ನಿಂತರು.

"ಡಾಕೆಟ್ ಇದ್ದೂ ರೆಡಿ ಆಗ್ದೆ ಇರೋ ಕೇಸ ನಾನು ಕಂಡೇ ಇಲ್ಲ ಕಣವ್ವ" ಎಂದರು. ಆಮೇಲೆ, "ನಿಂಗೇನಾರ ಗೊತ್ತಾ?" ಎಂದು ಕೇಳಿದರು.

ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನನಗೆ ಗೊತ್ತಿರಲೂ ಇಲ್ಲ. ಅರ್ಥಶಾಸ್ತ್ರದಲ್ಲಿ ಇಮೇಲ್ ರಿಪೇರಿ ಬರುವುದಿಲ್ಲ. ಗೋಡೆಯ ಮೇಲೆ ಉಳಿದಿದ್ದ ಅರ್ಧ ನಂಬರನ್ನು ತೆರೆಯ ಮೇಲಿನದರಿಂದ ತುಂಬಿಕೊಂಡು ನನ್ನ ಫೋನಿನಲ್ಲಿ ಹುಡುಕಿದೆ. ಜಗತ್ತಿನಲ್ಲಿ ಎಷ್ಟೊಂದು ಜನ ಅದೇ ನಂಬರು ಹಿಡಿದುಕೊಂಡು ಅಳುತ್ತಿದ್ದರೆಂದರೆ, ಮಾವನಿಗೆ ತೋರಿಸಿದಾಗ ಅವರು, "ಅಂಗಾದ್ರೆ ಏರಿಯಾ ಫಾಲ್ಟು" ಎಂದು ಸ್ವಲ್ಪ ಸಮಾಧಾನಗೊಂಡರು.

ಮೇಲ್ ಕೊಡುವ ಕಂಪನಿಯ ಸಹಾಯದ ಪುಟವನ್ನು ನಿಧಾನವಾಗಿ ಓದಿದೆ. ವಿಷಯ ಇಷ್ಟೇ. ಮೊದಲು ಮೇಲುಗಳು ಬೀಗವಿಲ್ಲದ ಒಂದು ಬಾಗಿಲಿಂದ ಓಡಾಡುತ್ತಿದ್ದವು. ಆ ಬಾಗಿಲನ್ನು ಈಚೆಗೆ ಮುಚ್ಚಿ, ಬೀಗವಿರುವ ಬೇರೆ ಬಾಗಿಲು ತೆರೆದಿದ್ದಾರೆ. ಹಳೆಯ ಪ್ರೋಗ್ರಾಮು ಇನ್ನೂ ಮುಚ್ಚಿದ ಬಾಗಿಲನ್ನೇ ತಟ್ಟುತ್ತಿದೆ. ಅದಕ್ಕೆ ಹೊಸ ಬಾಗಿಲಿನ ನಂಬರು ಹೇಳಿಕೊಡಬೇಕು. ಜೊತೆಗೆ, ಹಳೆಯ ಪ್ರೋಗ್ರಾಮುಗಳಿಗೆಂದೇ ಬೇರೆ ಪಾಸ್‌ವರ್ಡು ಪಡೆಯಬೇಕು. ಅದನ್ನು ಪಡೆಯಲು ಖಾತೆಯವರ ಮೊಬೈಲಿಗೆ ಬರುವ ಕೋಡು ಬೇಕು.

"ಕೋಡು ಅವರ ಫೋನಿಗೆ ಬರುತ್ತೆ ಮಾವ. ಆ ಫೋನ್ ಆಫ್ ಮಾಡಿ ಬೀರುವಲ್ಲಿಟ್ಟಿದ್ದೀನಿ ಅಂದಿದ್ದ ಪೃಥ್ವಿ. ನೋಡಿದೆ, ಬೀರುವಲ್ಲಿಲ್ಲ."

ಮಾವ ಅಡುಗೆಮನೆಯ ಕಡೆಗೊಮ್ಮೆ ನೋಡಿ, ಅಂಗಿಯ ಒಳಗೆ ಕೈಹಾಕಿ, ಬನಿಯನ್ ಜೇಬಿನಿಂದ ಕೀರ್ತಿಯ ಫೋನು ತೆಗೆದರು. ಪೂರ್ತಿ ಚಾರ್ಜ್ ಆಗಿತ್ತು.

"ರೀಚಾರ್ಜೂ ಮಾಡ್ಸಿವ್ನಿ" ಎಂದರು. "ಸಿಮ್ಮೂ ಅಷ್ಟೇ ಕಣವ್ವ, ಸುಮ್ಕೆ ಬುಟ್ರೆ ಬೇರೆಯೋರ್ಗೆ ಅಲಾಟ್ ಆಯ್ತದೆ. ಒಂದೆರಡು ಕಿತ ರಿಂಗ್ ಆಯ್ತು. ಎತ್ತಕ್ಕೆ ಆಗ್ನಿಲ್ಲ."

ಬದುಕಿಡೀ ಊರಿನವರ ಫೋನುಗಳನ್ನು ರಿಂಗ್ ಮಾಡಿಸಿದ ಮನುಷ್ಯ. ನಾನು ಫೋನು ತೆಗೆದುಕೊಂಡೆ. ಕೋಡು ಬಂತು, ಅದನ್ನು ಕೊಟ್ಟು ಹೊಸ ಪಾಸ್‌ವರ್ಡು ಪಡೆದು ಹಾಕಿದೆ.

ಬಾಗಿಲಿನ ನಂಬರು ಬದಲಿಸಿದೆ. ನೂರ ಹತ್ತು ಇದ್ದದ್ದನ್ನು ಒಂಬೈನೂರ ತೊಂಬತ್ತೈದು ಮಾಡಿ, ಬೀಗದ ಮುಂದೆ ಟಿಕ್ ಹಾಕಿದೆ. ಮಾವ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು ತೊಡೆ ತಟ್ಟಿದರು.

"ಪೇರ್ ಚೇಂಜು! ಕಂಬದ ಬಾಕ್ಸಲ್ಲಿ ಒಂದು ಪೇರ್ ತಂತಿ ಕೆಟ್ರೆ ಪಕ್ಕದ ಪೇರಿಗೆ ಆಕ್ತಿದ್ದೋ. ಅಷ್ಟೇಯಾ? ಮೊದ್ಲೇ ಯೋಳಿದ್ರೆ ನಾನು ತಾರಸಿ ಯಾಕತ್ತುತಿದ್ದೆ?"

ಗುಂಡಿ ಒತ್ತಿದೆ. ತಿರುಗಿತು. ಚೌಕ ಎದ್ದಿತು. ನಂಬರಿನ ಕೊನೆಯ ಅಕ್ಷರಗಳು ಬೇರೆಯಾಗಿದ್ದವು.

"ಹೊಸಾ ಡಾಕೆಟ್ಟು!" ಎಂದು ಮಾವ ಸೀಮೆಸುಣ್ಣಕ್ಕೆ ಓಡಿದರು. ಅವರು ಬರೆದು ಮುಗಿಸುವುದರೊಳಗೆ ಆ ನಂಬರನ್ನೂ ಹುಡುಕಿದೆ. ಹೆಸರಿನ ಜಾಗದಲ್ಲಿ 'ಕೀರ್ತಿರಾಜ್' ಎಂದಷ್ಟೇ ಇತ್ತು. ಈಗ ಪೂರ್ತಿ ಮೇಲ್ ವಿಳಾಸ ಬೇಕಂತೆ. ಹಾಕಿದೆ. ಮತ್ತೆ ಒತ್ತಿದೆ.

ಮೇಲುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಅತ್ತೆಯೂ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಶೂ ರಿಯಾಯಿತಿ. ಸಾಲ ಬೇಕೇ. ಬಟ್ಟೆ ಅಂಗಡಿಯಿಂದ, 'ಪ್ರಿಯ ಕೀರ್ತಿರಾಜ್, ನಿಮ್ಮನ್ನು ನೋಡಿ ಬಹಳ ದಿನವಾಯಿತು'. ಅದನ್ನು ಅತ್ತೆಗೆ ಓದಿ ಹೇಳಲಿಲ್ಲ. ಎಲ್ಲ ಕಸದ ನಡುವೆ ಮನುಷ್ಯರು ಬರೆದದ್ದು ಒಂದೇ ಇತ್ತು. ಶ್ರವಣಬೆಳಗೊಳದ ಲಾಡ್ಜಿನ ಮ್ಯಾನೇಜರ್ ಶಾಂತರಾಜು ಅವರದು. ಅದನ್ನು ಗಟ್ಟಿಯಾಗಿ ಓದಿದೆ:

'ಕೀರ್ತಿರಾಜ್ ಅವರಿಗೆ ನಮಸ್ಕಾರ. ಬಿಸಿನೀರಿನ ಬೋರ್ಡು ಚೆನ್ನಾಗಿ ಬಂದಿದೆ, ಆದರೂ ಯಾತ್ರಿಗಳು ಮಧ್ಯಾಹ್ನವೂ ಕೇಳುತ್ತಾರೆ. ತಮಗೆ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ವಿಷಯವೇನೆಂದರೆ, ಕಳೆದ ಸಲ ಬಂದಾಗ ಮನೆಯವರಿಗೆಂದು ಊಟ ಹಾಕಿಸಿಕೊಂಡು ಹೋದ ಟಿಫನ್ ಕ್ಯಾರಿಯರ್ ನಮ್ಮ ಅಡುಗೆಮನೆಯದು. ಅಡುಗೆಯವರು ದಿನವೂ ನನ್ನನ್ನು ಕೇಳುತ್ತಾರೆ. ದಯವಿಟ್ಟು ತಲುಪಿಸುವುದು.'

ಅತ್ತೆ ಒಳಗೆ ಹೋಗಿ ಕಡಲೆಬೇಳೆ ತುಂಬಿದ್ದ ಕ್ಯಾರಿಯರ್ ತಂದು ತಲೆಕೆಳಗು ಮಾಡಿದರು. ತಳದಲ್ಲಿ ಲಾಡ್ಜಿನ ಹೆಸರು ಚುಕ್ಕೆ ಚುಕ್ಕೆಯಾಗಿ ಕೆತ್ತಿತ್ತು.

"ಅವ್ನೇ ಕೊಂಡ್ಕಂಡು ಬಂದವ್ನೆ ಅನ್ಕಂಡಿದ್ದೆ" ಎಂದರು.

ಮಾವ ತೆರೆಯ ಮೇಲಿಂದ ಕಣ್ಣು ತೆಗೆದಿರಲಿಲ್ಲ. "ಬಿಂದು, ಈಗ ಈ ನಂಬರು ಕ್ಲೋಸ್ ಆಗಾಕಿಲ್ವಾ?"

"ಯಾರಾದ್ರೂ ಬಳಸ್ತಾ ಇದ್ರೆ ಕ್ಲೋಸ್ ಮಾಡಲ್ಲ ಅಂತ ಬರೆದಿದ್ದಾರೆ ಮಾವ."

"ಅಂಗಾದ್ರೆ ಆಯಪ್ಪಂಗೆ ಜವಾಬು ಕೊಡು. ಬಳಸ್ದಂಗಾಯ್ತದೆ."

'ತಂದುಕೊಡುತ್ತೇವೆ' ಎಂದು ಒಂದೇ ಪದ ಬರೆದು ಕಳಿಸಿದೆ. ಹೋದ ಮೇಲೆ ಗಮನಿಸಿದೆ. ಕೆಳಗೆ ಪ್ರೋಗ್ರಾಮು ತಾನಾಗಿಯೇ ಎಂದಿನಂತೆ ಸೇರಿಸಿತ್ತು: 'ತಮ್ಮ ವಿಶ್ವಾಸಿ, ಕೀರ್ತಿರಾಜ್.'

ಭಾನುವಾರ ಪೃಥ್ವಿ ಡಿಲೀಟ್ ಮಾಡಲು ಬಂದ. ಮಾವ ಅವನ ಮುಂದೆ ಗುಂಡಿ ಒತ್ತಿ ಶೂ ರಿಯಾಯಿತಿಯ ಇನ್ನೊಂದು ಮೇಲು ಬರಿಸಿ ತೋರಿಸಿದರು. ಪೃಥ್ವಿ ಸ್ವಲ್ಪ ಹೊತ್ತು ನೋಡಿ, "ಸರಿ, ಇರ್ಲಿ ಬಿಡು" ಎಂದು ಅಡುಗೆಮನೆಗೆ ಹೋಗಿ ತಿಂಡಿ ಏನೆಂದು ಕೇಳಿದ.

ಸೋಮವಾರ ಮಾವ, ನಾನು ಹೊರಟೆವು. ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು. ಅತ್ತೆ ಆಲೂಗಡ್ಡೆ ಪಲ್ಯ ಮಾಡಲು ಸಿಪ್ಪೆ ಹೆರೆಯಲು ಕುಳಿತಿದ್ದರು. ಲಾಡ್ಜಿನವರು ಜೈನರು, ನೆಲದೊಳಗೆ ಬೆಳೆದದ್ದನ್ನು ತಿನ್ನುವುದಿಲ್ಲ ಎಂದು ಹೇಳಿದೆ. ಅತ್ತೆ ಈಳಿಗೆ ಮಡಚಿದರು. "ಬೇಯಿಸಿದ್ದೇ ಬ್ಯಾಡ ಬುಡು. ನಮ್ ಕೈಯಿಂದ ತಗಂತಾರೋ ಇಲ್ವೋ" ಎಂದು ಸಕ್ಕರೆ ತುಂಬಿದರು.

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಬೆಳಗೊಳ ತಲುಪುವಾಗ ಹನ್ನೊಂದು ದಾಟಿತ್ತು. ಲಾಡ್ಜಿನ ಮುಂದೆ ಯಾತ್ರಿಗಳು ಚಪ್ಪಲಿ ಹುಡುಕುತ್ತಿದ್ದರು. ಕೀರ್ತಿ ಮಾಡಿದ ಬೋರ್ಡು ಕೌಂಟರಿನ ಮೇಲೆ ತೂಗುತ್ತಿತ್ತು. ಅದರ ಕೆಳಗೇ ಒಬ್ಬರು ನಿಂತು ಬಿಸಿನೀರು ಯಾವಾಗ ಎಂದು ಕೇಳುತ್ತಿದ್ದರು. ಶಾಂತರಾಜು ಅವರಿಗೆ ಉತ್ತರ ಹೇಳಿ ಕಳಿಸಿ, ನನ್ನ ಕೈಯಲ್ಲಿದ್ದ ಕ್ಯಾರಿಯರ್ ನೋಡಿ ನಕ್ಕರು.

"ನೀವು ಕೀರ್ತಿರಾಜ್ ಮನೆಯವರಲ್ವಾ? ಬನ್ನಿ, ಬನ್ನಿ. ತಂದುಕೊಡ್ತೀವಿ ಅಂತ ಮೇಲ್ ಹಾಕಿದ್ರು. ಅವರೆಲ್ಲಿ, ಗಾಡಿ ನಿಲ್ಲಿಸ್ತಾ ಇದ್ದಾರಾ?"

ಅವರು ನಮ್ಮ ಬೆನ್ನ ಹಿಂದಿನ ಬಾಗಿಲನ್ನು ನೋಡುತ್ತಿದ್ದರು. ಮಾವನೂ ತಿರುಗಿ ಬಾಗಿಲನ್ನು ನೋಡಿದರು.

"ಅವರು ತೀರಿಕೊಂಡರು" ಎಂದೆ. ಇಷ್ಟು ದಿನವೂ ಈ ಮಾತನ್ನು ನನ್ನ ಪರವಾಗಿ ಬೇರೆ ಯಾರಾದರೂ ಹೇಳಿಬಿಡುತ್ತಿದ್ದರು. "ಆ ಮೇಲ್ ಬರೆದದ್ದು ನಾನು."

"ಕೆಳಗೆ ಅವರ ಹೆಸರಿತ್ತಲ್ಲಮ್ಮ..."

"ಹೆಸರು ಪ್ರೋಗ್ರಾಂ ಹಾಕುತ್ತೆ."

ಶಾಂತರಾಜು ಕೌಂಟರಿನಿಂದ ಎದ್ದು ಈಚೆಗೆ ಬಂದರು. ಬೋರ್ಡಿನ ಕಡೆ ನೋಡಿದರು. ಕೊನೆಗೆ, "ಭೋಜನಶಾಲೆಗೂ ಒಂದು ಬೋರ್ಡು ಬೇಕಾಗಿತ್ತು. ಅವರಿಗೇ ಕಳಿಸೋಣ ಅಂತಿದ್ದೆ. ಇನ್ನು ಆ ಐಡಿಗೆ ಕಳಿಸೋ ಹಾಗಿಲ್ಲ ಅನ್ನಿ" ಎಂದರು.

"ಅದಕ್ಕೇ ಕಳಿಸಿ" ಎಂದೆ. "ನಾನು ನೋಡ್ತೀನಿ."

ಮಾವ ಬಾಗಿಲಿಂದ ಇತ್ತ ತಿರುಗಿದರು. "ಅಲಾಟ್ ಅಲ್ಲ ಸಾ, ಟ್ರಾನ್ಸ್‌ಫರ್" ಎಂದರು. "ಚಂದಾದಾರ ತೀರ್ಕಂಡ್ರೆ ಮನೆಯೋರ ಹೆಸರಿಗೆ ಟ್ರಾನ್ಸ್‌ಫರ್ ಮಾಡ್ತಿದ್ರು ನಮ್ಮಲ್ಲೂ. ನಂಬರ್ ಅದೇ ಇರ್ತದೆ. ರೂಲ್ಸ್ ಐತೆ."

ಒಳಗಿನಿಂದ ಅಡುಗೆಯವರು ಕೈ ಒರೆಸುತ್ತ ಬಂದು, ತಮ್ಮ ಪಾತ್ರೆಯನ್ನು ಗುರುತು ಹಿಡಿದು, ಊಟ ತುಂಬಿ ಕೊಡುತ್ತೇನೆ, ಅದರಲ್ಲೇ ತೆಗೆದುಕೊಂಡು ಹೋಗಿ ಎಂದರು.

"ಬೇಡ" ಎಂದೆ. "ಇಲ್ಲೇ ಕೂತು ಊಟ ಮಾಡ್ತೀವಿ."

ಕ್ಯಾರಿಯರನ್ನು ಎರಡೂ ಕೈಯಲ್ಲಿ ಹಿಡಿದು ಅವರ ಕೈಗೆ ಕೊಟ್ಟೆ.